ಗಾಮಾ ನೈಫ್ ಆದ ಮೇಲೂ ಬೀಡಿ ಸೇದಿದರೆ ತೊಂದರೆ ಇದೆಯಾ?

ನೀವು ಕೇಳಿರುವುದು ಇಷ್ಟು: ತಮ್ಮನ ಮೆದುಳಿನಲ್ಲಿ ಎವಿಎಂ, ಅಂದರೆ ರಕ್ತನಾಳಗಳ ಗಂಟು ಇದೆ, ಬೆಂಗಳೂರಿನಲ್ಲಿ ಗಾಮಾ ನೈಫ್ ಎಂಬ ಕಿರಣ ಚಿಕಿತ್ಸೆ ಮಾಡಿಸಿ ಕೆಲವು ತಿಂಗಳಾಯಿತು. ಸಿರುಗುಪ್ಪಕ್ಕೆ ಬಂದವನು ಮತ್ತೆ ಬೀಡಿ ಹಿಡಿದಿದ್ದಾನೆ. ಕೇಳಿದರೆ "ಟ್ರೀಟ್‌ಮೆಂಟ್ ಮುಗೀತಲ್ಲ, ಇನ್ನೇನು" ಅನ್ನುತ್ತಾನೆ.

ಮುಗಿದಿಲ್ಲ ಅಕ್ಕಾ. ಈಗ ನಡೆಯುತ್ತಾ ಇದೆ.

ನಾನು ಡಾಕ್ಟರ್ ಅಲ್ಲ, ಬಳ್ಳಾರಿಯ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಂಆರ್‌ಐ ಟೆಕ್ನಿಷಿಯನ್. ಬೆಂಗಳೂರಿಗೆ ಪದೇ ಪದೇ ಓಡಾಡಲು ಆಗದವರು ಫಾಲೋಅಪ್ ಸ್ಕ್ಯಾನ್ ನಮ್ಮಲ್ಲೇ ಮಾಡಿಸುತ್ತಾರೆ. ಮಷೀನ್ ರೂಮಿಗೆ ಹೋಗುವ ಮೊದಲು ಜೇಬು ಖಾಲಿ ಮಾಡಿಸುತ್ತೇವೆ. ಟ್ರೇಗೆ ಬೀಳುವುದು ಚಿಲ್ಲರೆ, ಬೆಲ್ಟು, ಮೊಬೈಲು, ಆಮೇಲೆ ಮೆಲ್ಲಗೆ ಬೀಡಿ ಕಟ್ಟು, ಲೈಟರ್. ಅದೇ ಮನುಷ್ಯನ ಫೈಲಿನಲ್ಲಿ "ಧೂಮಪಾನ ಇಲ್ಲ" ಅಂತ ಬರೆದಿರುತ್ತದೆ! ಹೆಂಡತಿ ಪಕ್ಕದಲ್ಲಿದ್ದಾಗ ಡಾಕ್ಟರ್ ಕೇಳಿದರೆ ಇನ್ನೇನು ಹೇಳುತ್ತಾರೆ ಬಿಡಿ.

ಎವಿಎಂ ಅಂದರೆ ರಕ್ತನಾಳಗಳು ಹುಟ್ಟಾ ಹೆಣೆದುಕೊಂಡ ಗಂಟು. ಸಾಮಾನ್ಯವಾಗಿ ರಕ್ತ ಅಪಧಮನಿಯಿಂದ ಕೂದಲಿನಂಥ ಸಣ್ಣ ನಾಳಗಳಿಗೆ ಹಂಚಿ, ಜೋರು ಕಳೆದುಕೊಂಡು, ಆಮೇಲೆ ಅಭಿಧಮನಿಗೆ ಹೋಗಬೇಕು. ಇಲ್ಲಿ ಆ ಸಣ್ಣ ನಾಳಗಳೇ ಇಲ್ಲ. ತುಂಗಭದ್ರಾ ಕಾಲುವೆಯ ನೀರನ್ನು ತೂಬಿಲ್ಲದೆ ನೇರ ಗದ್ದೆಗೆ ಬಿಟ್ಟ ಹಾಗೆ. ತೆಳು ಗೋಡೆ ಆ ಒತ್ತಡ ತಾಳದೆ ಒಡೆದರೆ ಮೆದುಳಿನಲ್ಲಿ ರಕ್ತಸ್ರಾವ. ಚಿಕಿತ್ಸೆ ಆಗದ ಎವಿಎಂ ಇರುವವರಲ್ಲಿ ವರ್ಷಕ್ಕೆ ನೂರಕ್ಕೆ 2ರಿಂದ 4 ಜನರಿಗೆ ಹೀಗಾಗುತ್ತದೆ ಅನ್ನುತ್ತಾರೆ. ಸ್ಕ್ಯಾನಿನಲ್ಲಿ ಅದು ಕಪ್ಪು ಹುಳುಗಳು ಸುತ್ತಿಕೊಂಡು ಮಲಗಿದಂತೆ ಕಾಣುತ್ತದೆ. ರಕ್ತ ಅಷ್ಟು ಜೋರಾಗಿ ಓಡುವುದರಿಂದ ಎಂಆರ್‌ಐನಲ್ಲಿ ಆ ಜಾಗ ಕಪ್ಪಾಗಿ ಬರುತ್ತದೆ.

ಗಾಮಾ ನೈಫಿನಲ್ಲಿ ಚಾಕುವೂ ಇಲ್ಲ, ಹೊಲಿಗೆಯೂ ಇಲ್ಲ. ಸುಮಾರು 200 ಸಣ್ಣ ಕಿರಣಗಳನ್ನು ಒಂದೇ ಜಾಗಕ್ಕೆ ಸೇರಿಸುತ್ತಾರೆ. ಹಣೆಯ ಮೇಲೆ, ತಲೆ ಅಲುಗದಂತೆ ಹಾಕುವ ಫ್ರೇಮಿನ ಸ್ಕ್ರೂ ಗುರುತು ಮಾತ್ರ ಇರುತ್ತದೆ, ಅದೂ ಬೇಗ ಮಾಯುತ್ತದೆ. ಅದಕ್ಕೇ ನಿಮ್ಮ ತಮ್ಮನಿಗೆ ಎಲ್ಲಾ ಮುಗಿಯಿತು ಅನ್ನಿಸಿದೆ. ಆದರೆ ಆ ದಿನ ಗಂಟು ಕರಗುವುದಿಲ್ಲ. ಕಿರಣ ಬಿದ್ದ ನಾಳದ ಒಳಪದರಕ್ಕೆ ಏಟಾಗುತ್ತದೆ. ಆಮೇಲೆ ಗೋಡೆ ನಿಧಾನವಾಗಿ ದಪ್ಪಗಾಗುತ್ತಾ, ಒಳದಾರಿ ಕಿರಿದಾಗುತ್ತಾ, ಕೊನೆಗೆ ಮುಚ್ಚಿಹೋಗುತ್ತದೆ. ಇದಕ್ಕೆ 2ರಿಂದ 3 ವರ್ಷ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಪೂರ್ತಿ ಮುಚ್ಚುವವರೆಗೂ ಒಡೆಯುವ ಅಪಾಯ ಇದ್ದೇ ಇರುತ್ತದೆ. ಅವನು ಬೀಡಿ ಸೇದುತ್ತಿರುವುದು ಸರಿಯಾಗಿ ಈ ಕಾಲದಲ್ಲಿ.

ಈಗ ಬೀಡಿಯ ಮಾತು. ಹಳೆಯ ರೋಗಿಗಳ ದಾಖಲೆ ತೆಗೆದು ನೋಡಿದ ಕೆಲವು ಅಧ್ಯಯನಗಳಲ್ಲಿ, ಸೇದುವವರಲ್ಲಿ ಗಂಟು ಪೂರ್ತಿ ಮುಚ್ಚಿದ್ದು ಕಡಿಮೆ ಅಂತ ಕಂಡಿದೆ. ಇಂಥ ಅಧ್ಯಯನದಿಂದ ಬೀಡಿಯೇ ಕಾರಣ ಅಂತ ಖಂಡಿತ ಹೇಳಲಾಗುವುದಿಲ್ಲ, ಸೇದುವವರಿಗೆ ಬೇರೆ ಕಾಯಿಲೆಗಳೂ ಇರುತ್ತವೆ. ಆದರೂ ನಂಬುವಂತಿದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಕಸಿಯುತ್ತದೆ. ನಾಳದ ಒಳಪದರ ದಿನಾ ಕೆರಳುತ್ತದೆ. ಪ್ರತಿ ಬೀಡಿಗೂ ಸ್ವಲ್ಪ ಹೊತ್ತು ಬಿಪಿ ಏರುತ್ತದೆ. ಆ ತೆಳು ಗೋಡೆಗೆ ಇದು ಬೇಕಾ?

ಹಾಗಂತ ಬೀಡಿ ಬಿಟ್ಟ ಕೂಡಲೇ ಗಂಟು ಮುಚ್ಚುತ್ತದೆ ಅಂತ ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಗಂಟು ಎಷ್ಟು ದೊಡ್ಡದು, ಕಿರಣದ ಡೋಸ್ ಎಷ್ಟು ಕೊಡಲು ಆಯಿತು, ಇವೇ ಮುಖ್ಯ. 3 ಸೆಂಟಿಮೀಟರಿಗಿಂತ ಚಿಕ್ಕದಾದರೆ ಚೆನ್ನಾಗಿ ಮುಚ್ಚುತ್ತದೆ. ಆದರೆ ಇವು ಈಗ ಯಾರ ಕೈಯಲ್ಲೂ ಇಲ್ಲ. ಅವನ ಕೈಯಲ್ಲಿ ಉಳಿದಿರುವುದು ಬೀಡಿ ಮತ್ತು ಬಿಪಿ, ಅಲ್ವಾ? ಮೊದಲೇ ಬಿಡಬೇಕಿತ್ತು ಅಂತ ಜಗಳ ತೆಗೆಯಬೇಡಿ. ಇನ್ನೂ ಎರಡು ವರ್ಷಕ್ಕಿಂತ ಜಾಸ್ತಿ ಮುಂದಿದೆ. ಬೀಡಿ ಬದಲು ಗುಟ್ಕಾ ಹಾಕುತ್ತೇನೆ ಅಂದರೆ ಒಪ್ಪಬೇಡಿ, ಅದರಲ್ಲೂ ನಿಕೋಟಿನ್ ಇದೆ.

ಬಿಡಿಸುವುದು ಕಷ್ಟ, ಗೊತ್ತು. ನಮ್ಮ ಕಡೆ ಬೆಳಿಗ್ಗೆ ಮಿರ್ಚಿ ಒಗ್ಗಾಣಿ, ಮೇಲೊಂದು ಚಹಾ ಆದರೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಸ್ವಲ್ಪ ದಿನ ಆ ಚಹಾ ಮನೆಯಲ್ಲೇ ಕುಡಿಯಲಿ. ಬೀಡಿ, ಸಿಗರೇಟ್ ಪ್ಯಾಕಿನ ಮೇಲೆ ಅಚ್ಚಾಗಿರುವ 1800-11-2356 ಸರ್ಕಾರದ ಉಚಿತ ಸಹಾಯವಾಣಿ. ಅದಕ್ಕೆ ಅವನೇ ಫೋನ್ ಮಾಡಲಿ, ನೀವಲ್ಲ.

ಒಂದು ವಿಷಯದಲ್ಲಿ ಮಾತ್ರ ಹುಷಾರು. ಸಿಗರೇಟ್ ಬಿಡಿಸಲು ಬುಪ್ರೋಪಿಯಾನ್ ಎಂಬ ಮಾತ್ರೆ ಕೊಡುವುದುಂಟು. ಅದು ಫಿಟ್ಸ್ ಬರುವ ಸಾಧ್ಯತೆ ಹೆಚ್ಚಿಸುತ್ತದೆ. ಎವಿಎಂ ಇರುವವರಿಗೆ ಮೊದಲೇ ಫಿಟ್ಸ್ ಭಯ ಇರುತ್ತದೆ. ಹಾಗಾಗಿ ಯಾವುದೇ ಮಾತ್ರೆ, ನಿಕೋಟಿನ್ ಚೂಯಿಂಗ್ ಗಮ್ ಕೂಡ, ಗಾಮಾ ನೈಫ್ ಮಾಡಿದ ಡಾಕ್ಟರನ್ನು ಕೇಳದೆ ಬೇಡ. ಫಿಟ್ಸ್ ಮಾತ್ರೆ ನಡೀತಿದ್ದರೆ ಒಂದು ಹೊತ್ತೂ ತಪ್ಪಿಸಬೇಡಿ.

ಹಿಂದೆಂದೂ ಬರದಂಥ ತಲೆನೋವು ದಿಢೀರನೆ ಬಂದರೆ, ವಾಂತಿ, ಫಿಟ್ಸ್, ಕೈಕಾಲು ಸೋಲುವುದು, ಮಾತು ತೊದಲುವುದು ಕಂಡರೆ, ಬೆಂಗಳೂರು ಬಸ್ಸು ನೋಡುತ್ತಾ ನಿಲ್ಲಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ತಲೆಯಲ್ಲಿ ರಕ್ತ ಇದೆಯಾ ಅಂತ ಸಿಟಿಯಲ್ಲಿ ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಮುಂದಿನ ಎಂಆರ್‌ಐಗೆ ಎಲ್ಲಿಗೇ ಹೋದರೂ ಹಳೆಯ ಸಿಡಿ ಮತ್ತು ಗಾಮಾ ನೈಫಿನ ಡಿಸ್ಚಾರ್ಜ್ ಸಮ್ಮರಿ ತೆಗೆದುಕೊಂಡು ಹೋಗಿ. ಬರೀ ಫಿಲ್ಮ್ ತಂದರೆ ಹೋಲಿಸಿ ನೋಡುವುದು ಕಷ್ಟ. ಎಂಆರ್‌ಐನಲ್ಲಿ ಗಂಟು ಕಾಣದಿದ್ದರೂ ಮುಚ್ಚಿದೆ ಅಂತ ಖಚಿತವಾಗುವುದು ಮೆದುಳಿನ ರಕ್ತನಾಳಗಳ ಆಂಜಿಯೋಗ್ರಾಮ್ ಮಾಡಿದಾಗಲೇ. ಅದನ್ನು ಸಾಮಾನ್ಯವಾಗಿ 3 ವರ್ಷದ ಹೊತ್ತಿಗೆ ಬರೆಯುತ್ತಾರೆ. ಬೀಡಿ ವಿಷಯ ಫೈಲಿನಲ್ಲಿ ತಪ್ಪಾಗಿ ಬರೆದಿದ್ದರೆ ಮುಂದಿನ ಸಲ ಡಾಕ್ಟರಿಗೆ ಹೇಳಿ ತಿದ್ದಿಸಿ.