ವೀಕ್ಷಣೆಯ ಲೆಕ್ಕ ಸಾಕು, ಹಾಡು ಎಲ್ಲಿದೆ?

ಮಾನ್ಯರೆ,

ಘಾನಾ ದೇಶದ ಜನಪ್ರಿಯ ಸಂಗೀತದ ಬಗ್ಗೆ ನೀವು ಕಳುಹಿಸಿದ ‘ಜಗತ್ತನ್ನು ಕುಣಿಸುವ ಘಾನಾ’ ಎಂಬ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಸುತ್ತಿ ಬಳಸಿ ಹೇಳಿದರೆ ಇಬ್ಬರಿಗೂ ಕಾಲಹರಣ. ಆದರೂ ನೀವು ಆರಿಸಿಕೊಂಡ ವಿಷಯದ ಬಗ್ಗೆ ಕನ್ನಡದಲ್ಲಿ ಬಂದಿರುವುದು ಬಹಳ ಕಡಿಮೆ, ಜೊತೆಗೆ ನಿಮ್ಮ ವಾಕ್ಯಗಳಿಗೆ ಓದಿಸಿಕೊಂಡು ಹೋಗುವ ಗುಣವಿದೆ. ಆದ್ದರಿಂದಲೇ ಎರಡು ಸಾಲಿನ ವಿಷಾದಪತ್ರದ ಬದಲು ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ಒಂಬತ್ತು ಪುಟಗಳಲ್ಲಿ ನೀವು ಹದಿನಾಲ್ಕು ಹಾಡುಗಳನ್ನು ಹೆಸರಿಸಿದ್ದೀರಿ, ಪ್ರತಿಯೊಂದರ ಪಕ್ಕದಲ್ಲಿ ಅದನ್ನು ಎಷ್ಟು ಕೋಟಿ ಜನ ನೋಡಿದರೆಂಬ ಅಂಕಿಯನ್ನೂ ಕೊಟ್ಟಿದ್ದೀರಿ. ಆದರೆ ಆ ಹದಿನಾಲ್ಕರಲ್ಲಿ ಒಂದಾದರೂ ಕಿವಿಗೆ ಹೇಗೆ ಕೇಳುತ್ತದೆ ಎಂದು ತಿಳಿಸುವ ವಾಕ್ಯ ಇಡೀ ಲೇಖನದಲ್ಲಿಲ್ಲ. ‘ಮೈಮರೆಸುವ ಲಯ’, ‘ಹುಚ್ಚೆಬ್ಬಿಸುವ ಬೀಟ್’ ಎಂಬ ಮಾತುಗಳನ್ನು ಯಾವ ದೇಶದ ಯಾವ ಹಾಡಿಗೆ ಬೇಕಾದರೂ ಅಂಟಿಸಬಹುದು. ಜನಪ್ರಿಯತೆ ಒಂದು ಪರಿಣಾಮ. ಪರಿಣಾಮವನ್ನೇ ಹತ್ತು ಬಗೆಯಲ್ಲಿ ಎಣಿಸಿ ತೋರಿಸಿದ ಮಾತ್ರಕ್ಕೆ ಕಾರಣ ಹೇಳಿದಂತಾಗುವುದಿಲ್ಲ.

ಘಾನಾದ ಜನಪ್ರಿಯ ಕುಣಿತದ ಸಂಗೀತವಾದ ಹೈಲೈಫ್‌ನ ಹಳೆಯ ಹಾಡೊಂದರ ಗಿಟಾರನ್ನಷ್ಟೇ ಹಿಡಿದು ಕೇಳಿ ನೋಡಿ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಮಂದ್ರವನ್ನು ಬಿಡದೆ ನಡೆಸುತ್ತಿರುತ್ತದೆ, ತೋರುಬೆರಳು ಸಣ್ಣ ತಂತಿಗಳ ಮೇಲೆ ರಾಗವನ್ನು ಬಿಡಿಸುತ್ತಿರುತ್ತದೆ, ಹೀಗಾಗಿ ಒಬ್ಬನೇ ನುಡಿಸಿದ್ದು ಇಬ್ಬರು ನುಡಿಸಿದಂತೆ ಕೇಳುತ್ತದೆ. ಈ ಎರಡು ಬೆರಳಿನ ವರಸೆಯನ್ನು ಪಶ್ಚಿಮ ಆಫ್ರಿಕಾದ ಬಂದರಿನಿಂದ ಬಂದರಿಗೆ ಹೊತ್ತು ತಂದವರು ಲೈಬೀರಿಯಾದ ಕ್ರು ನಾವಿಕರು. ಬಂದರಿನ ತಾಳೆಹೆಂಡದ ಅಂಗಡಿಗಳಲ್ಲಿ ಅದು ಬೆಳೆಯಿತು, ಆ ಶೈಲಿಗೆ ‘ಪಾಮ್ ವೈನ್’ ಎಂಬ ಹೆಸರು ಅಂಟಿದ್ದು ಅದರಿಂದಲೇ. ಗಿಟಾರಿನ ಹಿಂದೆ ಗಂಟೆಯೋ ಮರದ ಕೋಲುಗಳೋ ಸಮ ಅಂತರದಲ್ಲಿಲ್ಲದ ಐದು ಪೆಟ್ಟುಗಳ ಆವರ್ತವೊಂದನ್ನು ಮತ್ತೆ ಮತ್ತೆ ಹಾಕುತ್ತಿರುತ್ತವೆ. ನೀವು ಇದನ್ನು ಆದಿತಾಳಕ್ಕೆ ಹೋಲಿಸಿದ್ದೀರಿ, ದಯವಿಟ್ಟು ತೆಗೆದುಹಾಕಿ. ಪರಿಚಿತವಾದದ್ದರೊಡನೆ ಹೋಲಿಸಿದರೆ ಓದುಗರಿಗೆ ಸುಲಭವಾದೀತೆಂಬ ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ಈ ಹೋಲಿಕೆಯಿಂದ ಆ ಐದು ಪೆಟ್ಟುಗಳ ಸೊಟ್ಟತನವೇ ಮರೆಯಾಗುತ್ತದೆ. ಕಾಲನ್ನು ಎತ್ತಿಸುವುದು ಆ ಸೊಟ್ಟತನವೇ.

ಇನ್ನು ತಪ್ಪುಗಳು. ಮೂರನೆಯ ಪುಟದಲ್ಲಿ ಬರ್ನಾ ಬಾಯ್ ಮತ್ತು ವಿಜ್‌ಕಿಡ್ ಅವರನ್ನು ಘಾನಾದ ಗಾಯಕರೆಂದು ಬರೆದಿದ್ದೀರಿ, ಇಬ್ಬರೂ ನೈಜೀರಿಯಾದವರು. ಅದೇ ಪುಟದಲ್ಲಿ ನೈಜೀರಿಯಾದ ಸಂಗೀತಗಾರ ಫೆಲಾ ಕುಟಿಯವರ ಆಫ್ರೊಬೀಟನ್ನೂ ಇಂದಿನ ಆಫ್ರೊಬೀಟ್ಸನ್ನೂ ಒಂದೇ ಎಂದುಕೊಂಡಿದ್ದೀರಿ. ಮೊದಲನೆಯದು 1970ರ ದಶಕದಲ್ಲಿ ಹೈಲೈಫ್, ಜಾಜ್, ಫಂಕ್‌ಗಳನ್ನು ಬೆಸೆದು ಫೆಲಾ ಬೆಳೆಸಿದ, ರಾಜಕೀಯ ಸಿಟ್ಟು ತುಂಬಿದ, ಹತ್ತಿಪ್ಪತ್ತು ನಿಮಿಷ ಓಡುವ ಸಂಗೀತ. ಎರಡನೆಯದು ಈ ಶತಮಾನದಲ್ಲಿ ನೈಜೀರಿಯಾ ಮತ್ತು ಘಾನಾದಿಂದ ಹೊರಟ ನಾನಾ ಬಗೆಯ ಪಾಪ್ ಹಾಡುಗಳಿಗೆ ಹೊರಗಿನವರು ಕೊಟ್ಟ ಒಟ್ಟು ಹೆಸರು. ಕೊನೆಯ ಒಂದು ‘ಸ್’ ಇಷ್ಟು ದೊಡ್ಡ ವ್ಯತ್ಯಾಸ ಮಾಡುತ್ತದೆಂದು ಗಮನಿಸದವರು ನೀವೊಬ್ಬರೇ ಅಲ್ಲ. ಆದರೆ ಘಾನಾದವರಿಗೆ ಇದು ಸಣ್ಣ ವಿಷಯವಲ್ಲ. 2021ರ ಜನಗಣತಿಯಂತೆ ಅವರು ಸುಮಾರು 3.08 ಕೋಟಿ ಜನ, ನೆರೆಯ ನೈಜೀರಿಯನ್ನರು 20 ಕೋಟಿಗೂ ಹೆಚ್ಚು. ತಾವು ಕೊಟ್ಟದ್ದೆಲ್ಲ ನೆರೆಯವರ ಲೆಕ್ಕಕ್ಕೆ ಜಮೆಯಾಗುತ್ತಿದೆ ಎಂಬ ಕೊರಗು ಅಲ್ಲಿ ಹಳೆಯದು. ನಿಮ್ಮ ಮೂರನೆಯ ಪುಟ ಆ ಕೊರಗಿಗೆ ಇನ್ನೊಂದು ಪುರಾವೆ ಒದಗಿಸಿದೆ.

ಒಂದು ಕಾಲದಲ್ಲಿ ಪ್ರಭಾವ ಹರಿದದ್ದು ಘಾನಾದಿಂದ ನೈಜೀರಿಯಾದ ಕಡೆಗೆ. ಇ.ಟಿ. ಮೆನ್ಸಾ ಅವರ ‘ಟೆಂಪೋಸ್’ ವಾದ್ಯವೃಂದ 1950ರ ದಶಕದಲ್ಲಿ ಅಲ್ಲಿ ಸುತ್ತಾಡಿ ನುಡಿಸಿದ ಬಳಿಕ ಅಲ್ಲಿನ ವಾದ್ಯವೃಂದಗಳು ಹೈಲೈಫ್ ಹಿಡಿದವು. ಫೆಲಾ ಕೂಡ ಮೊದಲು ನುಡಿಸಿದ್ದು ಹೈಲೈಫ್ ಬೆರೆತ ಜಾಜ್. ಮೆನ್ಸಾ ವೃತ್ತಿಯಿಂದ ಔಷಧತಜ್ಞರು ಎಂಬುದನ್ನು ನೀವು ಬಿಟ್ಟಿದ್ದೀರಿ, ಸೇರಿಸಬಹುದು. ಅವರ ಅಣ್ಣ ಯೆಬುವಾ ಮೆನ್ಸಾ ಹೇಳಿದ ಸಂಗತಿಯೊಂದನ್ನಂತೂ ಬಿಡಲೇಬಾರದು. ವಸಾಹತು ಕಾಲದ ಕ್ಲಬ್ಬುಗಳಲ್ಲಿ ಪ್ರವೇಶಧನವೇ ಸುಮಾರು 7 ಶಿಲಿಂಗ್ 6 ಪೆನ್ಸ್, ಒಳಗೆ ಹೋಗುವ ಗಂಡಸರು ಪೂರ್ತಿ ಸಂಜೆಯುಡುಪು ತೊಟ್ಟಿರಬೇಕು, ಸಾಧ್ಯವಿದ್ದರೆ ಎತ್ತರದ ಟೋಪಿಯೂ ಇರಬೇಕು. ಹೊರಗೆ ನಿಂತು ಕೇಳುತ್ತಿದ್ದವರು ಒಳಗಿನದನ್ನು ‘ಹೈ ಲೈಫ್’ ಎಂದು ಕರೆದರು. ದೊಡ್ಡವರ ಬಾಳು ಎಂಬ ಆ ಚುಚ್ಚುಮಾತೇ ಸಂಗೀತದ ಹೆಸರಾಗಿ ನಿಂತಿತು. ಅಂದರೆ ಈ ಸಂಗೀತಕ್ಕೆ ನಾಮಕರಣ ಮಾಡಿದವರು ಟಿಕೆಟ್ ಕೊಳ್ಳಲಾಗದೆ ಬಾಗಿಲಾಚೆ ನಿಂತವರು. ನಿಮ್ಮ ಅಷ್ಟೂ ಅಂಕಿಗಳನ್ನು ಕೂಡಿದರೂ ಈ ಒಂದು ಸಂಗತಿಯ ತೂಕ ಬರುವುದಿಲ್ಲ.

ನಿಮ್ಮ ಎರಡನೆಯ ಪುಟದಲ್ಲಿ ‘1957ರಲ್ಲಿ ಸ್ವಾತಂತ್ರ್ಯ ಬಂದ ನಂತರ ಘಾನಾದ ಸಂಗೀತ ದಿನದಿಂದ ದಿನಕ್ಕೆ ಬೆಳೆಯುತ್ತಾ ಹೋಯಿತು’ ಎಂಬ ವಾಕ್ಯವಿದೆ. ನನ್ನ ಮಟ್ಟಿಗೆ ಇಡೀ ಲೇಖನ ಮುಗ್ಗರಿಸಿದ್ದು ಇಲ್ಲಿ, ಏಕೆಂದರೆ ಅದು ಹಾಗೆ ಬೆಳೆಯಲಿಲ್ಲ. 1981ರ ಡಿಸೆಂಬರ್ 31ರಂದು ಜೆರಿ ರಾಲಿಂಗ್ಸ್ ಸೈನ್ಯದ ಬಲದಿಂದ ಅಧಿಕಾರ ಹಿಡಿದ ಮೇಲೆ ಸಂಜೆಯಿಂದ ಬೆಳಗಿನವರೆಗೆ ಕರ್ಫ್ಯೂ ಬಂತು, ಎರಡು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ರಾತ್ರಿಯೇ ಇಲ್ಲದ ಊರಿನಲ್ಲಿ ನೈಟ್‌ಕ್ಲಬ್ ಎಲ್ಲಿಂದ ಬರಬೇಕು? ಹಾಡು, ನಾಟಕ, ಹಾಸ್ಯ ಎಲ್ಲವನ್ನೂ ಸೇರಿಸಿ ಊರೂರು ಸುತ್ತುತ್ತಿದ್ದ ‘ಕನ್ಸರ್ಟ್ ಪಾರ್ಟಿ’ ಎಂಬ ಸಂಚಾರಿ ತಂಡಗಳೂ ಕುಸಿದವು. ಆಮದು ವಾದ್ಯಗಳ ಮೇಲೆ ಭಾರಿ ಸುಂಕ ಬಿತ್ತು. 1983ರಲ್ಲಿ ಬರಗಾಲ ಬಂತು, ಅದೇ ವರ್ಷದ ಆರಂಭದಲ್ಲಿ ನೈಜೀರಿಯಾ ಸುಮಾರು 10 ಲಕ್ಷ ಘಾನಾದವರನ್ನು ಹೊರಹಾಕಿತು. ಸಂಗೀತಗಾರರಲ್ಲಿ ಕೆಲವರು ಚರ್ಚುಗಳಿಗೆ ಹೋದರು. ಗಿಟಾರ್, ಡ್ರಮ್, ಆಂಪ್ಲಿಫೈಯರ್ ಇದ್ದದ್ದು ಅಲ್ಲಿ, ತೆರಿಗೆಯ ಕಾಟವಿಲ್ಲದಿದ್ದುದೂ ಅಲ್ಲಿ. ಘಾನಾದ ಗಾಸ್ಪೆಲ್ ಎಂಬ ಕ್ರೈಸ್ತ ಭಕ್ತಿಯ ಹಾಡುಗಳಲ್ಲಿ ಇಂದಿಗೂ ಹೈಲೈಫ್ ಗಿಟಾರ್ ಕೇಳಿಬರುವುದಕ್ಕೆ ಇದು ಕಾರಣ. ಉಳಿದವರಲ್ಲಿ ಬಹಳ ಮಂದಿ ವಿಮಾನ ಹತ್ತಿದರು.

ಹೋದ ಕಡೆ, ಮುಖ್ಯವಾಗಿ ಜರ್ಮನಿಯಲ್ಲಿ, ಅವರು ಸಿಂಥಸೈಜರ್ ಮತ್ತು ಡ್ರಮ್ ಮೆಷಿನ್ ಜೊತೆ ಹೈಲೈಫ್ ಹಾಡಿದರು. 1983ರಲ್ಲಿ ಅಲ್ಲಿಂದ ಬಂದ ಜಾರ್ಜ್ ಡಾರ್ಕೊ ಅವರ ‘ಅಕೊ ಟೆ ಬ್ರೊಫೊ’, ಅಂದರೆ ‘ಗಿಣಿಗೆ ಇಂಗ್ಲಿಷ್ ಬರುತ್ತದೆ’, ಊರಿನಲ್ಲಿ ಗೆದ್ದಿತು. ಹ್ಯಾಂಬರ್ಗ್‌ನಿಂದ ರಜೆಗೆ ಬರುತ್ತಿದ್ದವರನ್ನು ಜನ ‘ಬರ್ಗರ್’ ಎನ್ನುತ್ತಿದ್ದರು, ಹಾಗಾಗಿ ಹಾಡಿನ ಈ ಬಗೆ ‘ಬರ್ಗರ್ ಹೈಲೈಫ್’ ಆಯಿತು. ನೀವು ಇದನ್ನು ತಿಂಡಿಯೆಂದು ತಿಳಿದು ತಮಾಷೆ ಮಾಡಿದ್ದೀರಿ. ತಮಾಷೆ ಚೆನ್ನಾಗಿದೆ, ಆದರೆ ತಪ್ಪು. ಜರ್ಮನಿಯಲ್ಲಿದ್ದ ಡ್ಯಾಡಿ ಲುಂಬಾ ಮತ್ತು ನಾನಾ ಅಚಾಂಪಾಂಗ್ ‘ಲುಂಬಾ ಬ್ರದರ್ಸ್’ ಎಂಬ ಹೆಸರಿನಲ್ಲಿ 1989ರಲ್ಲಿ ಹೊರತಂದ ಆಲ್ಬಮ್ ವಲಸೆಯ ಕಷ್ಟವನ್ನೇ ಹಾಡಿತು. ಆ ಅಚಾಂಪಾಂಗ್ ಅವರ ಮಗಳೇ ನೀವು ಆರನೆಯ ಪುಟದಲ್ಲಿ ‘ಎಲ್ಲಿಂದಲೋ ಉದ್ಭವಿಸಿದ ತಾರೆ’ ಎಂದು ಬಣ್ಣಿಸಿರುವ, 2020ರ ‘ಫಾರೆವರ್’ ಹಾಡಿನ ಗಾಯಕಿ. ಆಕೆ ಎಲ್ಲಿಂದಲೋ ಉದ್ಭವಿಸಲಿಲ್ಲ. ಅಂದಹಾಗೆ ಆಕೆಯ ಹೆಸರನ್ನು ‘ಗ್ಯಾಕಿ’ ಎಂದು ಬರೆಯಬೇಡಿ. ಘಾನಾದ ಟ್ವಿ ಭಾಷೆಯ ಬರಹದಲ್ಲಿ ಜಿ ಮತ್ತು ವೈ ಅಕ್ಷರಗಳು ಕೂಡಿದರೆ ಉಚ್ಚಾರ ‘ಜ’, ಆಕೆ ‘ಜಾಕಿ’. ಅದೇ ಪುಟದಲ್ಲಿ ‘ಕ್ವಾಕು’ ಎಂಬುದನ್ನು ಬುಡಕಟ್ಟಿನ ಹೆಸರೆಂದಿದ್ದೀರಿ. ಅದು ಬುಧವಾರ ಹುಟ್ಟಿದ ಗಂಡುಮಗುವಿಗೆ ಘಾನಾದ ಅಕಾನ್ ಜನ ಇಡುವ ಹೆಸರು. ಘಾನಾದ ಗಾಯಕ ಬ್ಲ್ಯಾಕ್ ಶೆರಿಫ್ ಅವರ 2022ರ ಹಾಡಿನಲ್ಲಿ ‘ಪಯಣಿಗ ಕ್ವಾಕು’ ಎಂಬಾತ ಬರುವುದು ಇಷ್ಟೆಲ್ಲ ಪಯಣಗಳ ನಂತರ ಎಂಬುದನ್ನು ಗಮನಿಸಿದರೆ ನಿಮ್ಮ ಲೇಖನಕ್ಕೆ ಬೆನ್ನೆಲುಬೊಂದು ಸಿಕ್ಕೀತು.

ಹಿಪ್‌ಲೈಫ್ ಎಂಬ, ಹೈಲೈಫ್ ಮತ್ತು ಹಿಪ್‌ಹಾಪ್ ಬೆರೆತ ಸಂಗೀತದ ಬಗ್ಗೆ ನೀವು ಬರೆದದ್ದು ಬಹುಮಟ್ಟಿಗೆ ಸರಿಯಾಗಿದೆ. ರೆಜ್ಜಿ ರಾಕ್‌ಸ್ಟೋನ್ ಲಂಡನ್ನಿನಿಂದ ಘಾನಾದ ರಾಜಧಾನಿ ಅಕ್ರಾಗೆ ಮರಳಿ ಟ್ವಿಯಲ್ಲಿ ರ‍್ಯಾಪ್ ಮಾಡಿದ್ದನ್ನು ಹೇಳಿದ್ದೀರಿ. ಅದು ಏಕೆ ಕಷ್ಟದ ಕೆಲಸವೆಂಬುದನ್ನೂ ಸೇರಿಸಿ: ಟ್ವಿಯಲ್ಲಿ ಧ್ವನಿಯ ಏರಿಳಿತ ಬದಲಾದರೆ ಪದದ ಅರ್ಥವೇ ಬದಲಾಗಬಹುದು, ಹೀಗಾಗಿ ಮಾತಿನ ಏರಿಳಿತಕ್ಕೂ ಇಂಗ್ಲಿಷ್ ರ‍್ಯಾಪಿನ ಓಟಕ್ಕೂ ಹೊಂದಾಣಿಕೆಯಾಗಬೇಕಿತ್ತು. 1995ರಿಂದ ಖಾಸಗಿ ಎಫ್‌ಎಂ ಕೇಂದ್ರಗಳು ಬಂದದ್ದೂ ಈ ಹಾಡುಗಳಿಗೆ ದಾರಿ ಮಾಡಿಕೊಟ್ಟಿತು. ಅಮೆರಿಕದ ಗಾಯಕಿ ಬಿಯಾನ್ಸೆ 2019ರಲ್ಲಿ ಘಾನಾದ ಶಟ್ಟಾ ವಾಲೆ ಜೊತೆ ಹಾಡಿದ್ದು, ಘಾನಾ ಮೂಲದ ಗಾಯಕಿ ಅಮಾರೆಯವರ ಹಾಡು 2021ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿ ಸೇರಿದ್ದು ಒಂದೆರಡು ಸಾಲಿನಲ್ಲಿ ಮುಗಿಯಲಿ, ಎರಡು ಪುಟ ಬೇಡ. ಜಗತ್ತಿಗೆ ತಲುಪಿದ್ದು ರೀಲ್ಸ್ ಬಂದ ಮೇಲೆಯೇ ಎಂಬ ನಿಮ್ಮ ತೀರ್ಮಾನವನ್ನೂ ತಿದ್ದಿಕೊಳ್ಳಬೇಕು. ಕುಮಾಸಿ ಟ್ರಿಯೊ ಎಂಬ ಘಾನಾದ ತಂಡ ಲಂಡನ್ನಿಗೆ ಹೋಗಿ ‘ಯಾ ಅಂಪೊನ್ಸಾ’ ಎಂಬ ಹೈಲೈಫ್ ಹಾಡನ್ನು ಧ್ವನಿಮುದ್ರಿಸಿದ್ದು 1928ರಲ್ಲಿ. ಅದೇ ಧಾಟಿಯನ್ನು 1990ರಲ್ಲಿ ಅಮೆರಿಕದ ಪಾಲ್ ಸೈಮನ್ ಬಳಸಿಕೊಂಡಾಗ ರಾಯಧನ ಯಾರಿಗೆ ಸೇರಬೇಕೆಂಬ ಪ್ರಶ್ನೆ ಘಾನಾ ಸರ್ಕಾರದವರೆಗೆ ಹೋಯಿತು. ಲಂಡನ್ನಿನಲ್ಲಿ ಘಾನಾದವರು 1969ರಲ್ಲಿ ಕಟ್ಟಿದ ಒಸಿಬಿಸಾ ತಂಡ ಭಾರತಕ್ಕೂ ಬಂದು ನುಡಿಸಿದೆ. ಗೆಳೆಯರೊಬ್ಬರ ಮನೆಯಲ್ಲಿದ್ದ ಅವರ ಕ್ಯಾಸೆಟ್ಟಿನ ಟೇಪು ಸಿಕ್ಕುಗಟ್ಟಿ ಹಾಳಾದದ್ದಕ್ಕೆ ನಾನೇ ಕಾರಣ, ಆ ನಾಚಿಕೆ ಇನ್ನೂ ಇದೆ.

ಕೊನೆಯದಾಗಿ ಏಳನೆಯ ಪುಟ. ಮೈಸೂರಿನ ಹಾಸ್ಟೆಲಿನಲ್ಲಿ ನಿಮ್ಮ ಜೊತೆಗಿದ್ದ ಘಾನಾದ ವಿದ್ಯಾರ್ಥಿ, ನೀವೆಲ್ಲ ಅಜೊಂಟೊ ಕುಣಿಯುವಾಗ ನಿಲ್ಲಿಸಿ ‘ಕೈ ಹಾಗಲ್ಲ, ಇಸ್ತ್ರಿ ಹಾಕುವ ಹಾಗೆ’ ಎಂದು ತಿದ್ದಿದನೆಂದು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಬಟ್ಟೆ ಒಗೆಯುವುದು, ಇಸ್ತ್ರಿ ಹಾಕುವುದು, ಗಾಡಿ ಓಡಿಸುವುದು ಮುಂತಾದ ದಿನನಿತ್ಯದ ಕೆಲಸಗಳನ್ನೇ ಕೈಕಾಲಿನ ಚಲನೆಯಾಗಿಸಿಕೊಂಡ ಈ ಕುಣಿತ ಅಕ್ರಾದ ಗಾ ಜನರ ಕೇರಿಗಳಿಂದ ಎದ್ದದ್ದು, 2011ರ ಹೊತ್ತಿಗೆ ಘಾನಾದ ಗಾಯಕ ಸಾರ್ಕೊಡಿಯವರ ಹಾಡಿನೊಂದಿಗೆ ಎಲ್ಲೆಡೆ ಹಬ್ಬಿದ್ದು. ಇದರ ಬಗ್ಗೆ ನಿಮಗೆ ಕೈಹಿಡಿದು ಕಲಿಸಿದವರೇ ಪಕ್ಕದ ಕೋಣೆಯಲ್ಲಿದ್ದರು, ನೀವು ಅವರನ್ನು ಬಿಟ್ಟು ವೀಕ್ಷಣೆಯ ಅಂಕಿಗಳನ್ನು ಹುಡುಕಿಕೊಂಡು ಹೋದಿರಿ. ಲೇಖನವನ್ನು ಆ ಹಾಸ್ಟೆಲ್ ಕೋಣೆಯಿಂದ ಆರಂಭಿಸಿ. ಅವರು ಈಗಲೂ ಸಂಪರ್ಕದಲ್ಲಿದ್ದರೆ, ಮನೆಯಲ್ಲಿ ತಾಯಿ ಯಾವ ಹಾಡು ಹಾಕುತ್ತಿದ್ದರು, ಭಾನುವಾರ ಚರ್ಚಿನಲ್ಲಿ ಯಾವ ವಾದ್ಯಗಳಿದ್ದವು, ಹೊರದೇಶದಲ್ಲಿದ್ದ ಬಂಧುಗಳು ಬರುವಾಗ ಯಾವ ಕ್ಯಾಸೆಟ್ ತರುತ್ತಿದ್ದರು ಎಂದು ಕೇಳಿ. ಹದಿನಾಲ್ಕು ಹಾಡುಗಳನ್ನು ಮೂರಕ್ಕೆ ಇಳಿಸಿ, ಒಂದು ಸಾವಿರದ ಐನೂರು ಪದಗಳ ಒಳಗೆ ಬರೆದು, ಎರಡು ತಿಂಗಳೊಳಗೆ ನನ್ನ ಹೆಸರಿಗೇ ಕಳುಹಿಸಿ. ಪುಟದ ಅಂಚಿನಲ್ಲಿ ಗುರುತು ಹಾಕಿರುವ ನಿಮ್ಮ ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ.

ಇಂತು,
ಸಂಪಾದಕ