‘ಘಾಚರ್ ಘೋಚರ್’ ಕಾದಂಬರಿಯಲ್ಲಿ ಅನಿತಾಗೆ ಏನಾಯ್ತು ಅಂತ ಕೊನೆಗೂ ಯಾಕೆ ಹೇಳುವುದಿಲ್ಲ?

ಕಥೆ ಹೇಳುತ್ತಿರುವವನಿಗೇ ಅದನ್ನು ತಿಳಿದುಕೊಳ್ಳುವ ಧೈರ್ಯವಿಲ್ಲ, ಅದಕ್ಕೆ. ವಿವೇಕ ಶಾನಭಾಗರ ಈ ಪುಟ್ಟ ಕಾದಂಬರಿಯಲ್ಲಿ (2013) ಎಲ್ಲವೂ ನಮಗೆ ತಲುಪುವುದು ಅನಿತಾಳ ಗಂಡನ ಬಾಯಿಂದ. ಚಿಕ್ಕಪ್ಪನ ಮಸಾಲೆ ವ್ಯಾಪಾರದ ದುಡ್ಡಿನಲ್ಲಿ ಕೂತು ತಿನ್ನುವ ಮನುಷ್ಯ ಅವನು. ತವರಿಗೆ ಹೋದ ಹೆಂಡತಿ ಇನ್ನೂ ಯಾಕೆ ಬಂದಿಲ್ಲ ಅಂತ ಮನೆಯವರನ್ನು ಕೇಳಿದರೆ ಅನ್ನದ ಬುಡಕ್ಕೇ ಪೆಟ್ಟು. ಹಾಗಾಗಿ ಹಳೇ ದಿನಗಳ ನೆನಪಿಗೆ ಜಾರುತ್ತಾನೆ.

ಉತ್ತರ ಇರುವುದು ಆ ನೆನಪುಗಳಲ್ಲೇ. ಹಳೇ ಮನೆಯ ಇರುವೆಗಳನ್ನು ನೋಡಿ. ಕಾಟ ತಡೆಯಲಾರದೆ ಕೊಲ್ಲಲು ಶುರು ಮಾಡಿದವರು ಆಮೇಲೆ ಒಂಚೂರೂ ಅಳುಕಿಲ್ಲದೆ ಕೊಲ್ಲುತ್ತಾರೆ. ಮುಂದೆ ಹೊಸ ಮನೆಗೆ ಒಬ್ಬ ಹೆಂಗಸು ಬರುತ್ತಾಳೆ. ಚಿಕ್ಕಪ್ಪನಿಗೆ ಅಂತ ಬೇಳೆ ಸಾರು ತಂದಿರುತ್ತಾಳೆ, ಅಷ್ಟೇ. ಅವನ ಅಮ್ಮ, ಸೋದರಿ ಮಾಲತಿ ಸೇರಿ ಅವಳನ್ನು ಬೈದು ಓಡಿಸುತ್ತಾರೆ. ತಪ್ಪು ಅಂದವಳು ಅನಿತಾ. ಈ ಮನೆಯ ನೆಮ್ಮದಿ ಕೆಡಿಸಿದವರಿಗೆ ಏನಾಗಬಹುದು ಅಂತ ಅಷ್ಟರಲ್ಲಿ ನಮಗೇ ಹೊಳೆದಿರುತ್ತದೆ, ಅಲ್ವಾ? ಕೊನೆಯಲ್ಲಿ ಕಾಫಿ ಹೌಸಿನ ವೇಟರ್ ವಿನ್ಸೆಂಟ್, ಕಥೆ ಹೇಳುವವನ ಕೈ ಮೇಲಿನ ರಕ್ತ ತೋರಿಸಿದಾಗ ನನ್ನ ಎದೆ ಝಲ್ಲೆಂದಿತ್ತು.