ಓದುಗರ ಪ್ರಶ್ನೆ: ನೀರೋನ ಬೆಳ್ಳಿ ಇತ್ತ ಏಕೆ ಬರಲಿಲ್ಲ?

ಪ್ರಶ್ನೆ: ದಕ್ಷಿಣ ಭಾರತದಲ್ಲಿ ದೊರೆತ ರೋಮನ್ ಬೆಳ್ಳಿ ನಾಣ್ಯಗಳೆಂದರೆ ಅಗಸ್ಟಸ್ ಮತ್ತು ಟೈಬೀರಿಯಸ್ ಇಬ್ಬರ ಹೆಸರೇ ಹೆಚ್ಚಾಗಿ ಕೇಳಿಬರುತ್ತದೆ. ನಂತರದ ಚಕ್ರವರ್ತಿಗಳು ಬೆಳ್ಳಿ ನಾಣ್ಯಗಳನ್ನು ಹೊರಡಿಸಲಿಲ್ಲವೇ?
– ಓದುಗರೊಬ್ಬರು, ಗದಗ

ಉತ್ತರ: ಧಾರಾಳವಾಗಿಯೇ ಹೊರಡಿಸಿದರು, ಆದರೆ ನಮ್ಮ ಕಡೆಯ ವರ್ತಕರಿಗೆ ಮುಖ್ಯವಾಗಿದ್ದುದು ನಾಣ್ಯದ ಮೇಲಿನ ಮುಖವಲ್ಲ, ಒಳಗಿನ ಬೆಳ್ಳಿ. ಡಿನೇರಿಯಸ್ ಎಂಬ ಈ ನಾಣ್ಯ ಅಗಸ್ಟಸ್‌ನ ಕಾಲದಲ್ಲಿ ಸುಮಾರು 3.9 ಗ್ರಾಂ, ಅಂದರೆ ನಮ್ಮ ತೊಲೆಯ ಮೂರನೆಯ ಒಂದು ಭಾಗದಷ್ಟು ತೂಗುತ್ತಿತ್ತು ಮತ್ತು ಬಹುತೇಕ ಅಪ್ಪಟ ಬೆಳ್ಳಿಯದಾಗಿತ್ತು. ಕ್ರಿ.ಶ. 64ರ ಸುಮಾರಿಗೆ ರೋಮನ್ ಚಕ್ರವರ್ತಿ ನೀರೋ, ಒಂದು ರೋಮನ್ ಪೌಂಡ್ ತೂಕದ ಬೆಳ್ಳಿಗೆ 84 ನಾಣ್ಯಗಳ ಬದಲು 96 ನಾಣ್ಯಗಳನ್ನು ಟಂಕಿಸುವಂತೆ ಮಾಡಿದ್ದಲ್ಲದೆ ತಾಮ್ರದ ಬೆರಕೆಯನ್ನೂ ಹೆಚ್ಚಿಸಿದನು. ಹುಬ್ಬಳ್ಳಿಯ ಸರಾಫರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ! ಹೀಗಾಗಿ ಹಳೆಯ ನಾಣ್ಯಗಳಿಗೇ ಇಲ್ಲಿ ಬೇಡಿಕೆ ಉಳಿಯಿತು. ನಂತರದವು ದೊರೆತಿದ್ದರೂ ವಿರಳ.

ಅಗಸ್ಟಸ್‌ನ ನಾಣ್ಯಗಳಲ್ಲಿ ಇಲ್ಲಿ ಹೆಚ್ಚು ದೊರೆಯುವುದು, ಅವನು ದತ್ತು ಪಡೆದ ಮೊಮ್ಮಕ್ಕಳಾದ ಗಾಯಸ್ ಮತ್ತು ಲೂಸಿಯಸ್ ಗುರಾಣಿ, ಈಟಿಗಳೊಂದಿಗೆ ನಿಂತಿರುವ ನಾಣ್ಯ. ಉತ್ತರಾಧಿಕಾರಿಗಳೆಂದು ಆತ ಜಗತ್ತಿಗೆ ಸಾರಿದ ಆ ಇಬ್ಬರೂ ಅವನಿಗಿಂತ ಮೊದಲೇ ತೀರಿಕೊಂಡು, ಸಿಂಹಾಸನ ಟೈಬೀರಿಯಸ್‌ಗೆ ದಕ್ಕಿತು. ಟೈಬೀರಿಯಸ್‌ನ ನಾಣ್ಯದ ಹಿಂಬದಿಯಲ್ಲಿ ಕುಳಿತ ಸ್ತ್ರೀಯೊಬ್ಬಳಿದ್ದಾಳೆ. ಆಕೆ ಅವನ ತಾಯಿ ಲಿವಿಯಾ ಎಂದು ಹಲವರು ಗುರುತಿಸುತ್ತಾರೆ. ಬೆಂಗಳೂರಿನ ಯಶವಂತಪುರ ಮತ್ತು ಚಿತ್ರದುರ್ಗದ ಚಂದ್ರವಳ್ಳಿಗಳಲ್ಲಿ ಇಂತಹ ರೋಮನ್ ಬೆಳ್ಳಿ ನಾಣ್ಯಗಳು ದೊರೆತಿವೆ.